ಮೂರು ಸಲ ‘ಟಕ್’ ಅಂದಮೇಲೆ ಬೋಲ್ಟು ಹಾಕಿ

ಹಳೇ ಮಣ್ಣೆತ್ತುವ ಗಾಡಿಗೆ ಎಂಜಿನ್, ಗೇರ್‌ಬಾಕ್ಸ್ ಬದಲಿಸುವಾಗ ಟಾರ್ಕ್ ಕನ್ವರ್ಟರ್ ಸರಿಯಾಗಿ ಕೂತಿರಲಿಲ್ಲ. ಉಳಿದಿದ್ದ ಒಂದು ಬೆರಳು ಸಂದಿಯನ್ನು ಬೋಲ್ಟಿನಿಂದ ಎಳೆದು ಮುಚ್ಚಿದೆವು. ಆ ತಪ್ಪಿಗೆ 38 ಸಾವಿರ ರೂಪಾಯಿ, ಹದಿನೆಂಟು ದಿನ ಕೊಟ್ಟೆವು. ಜೊತೆಗೆ ಇನ್ನೊಬ್ಬರ ಹೊಂಡದ ನೀರೂ ಹೋಯಿತು.

2023ರ ಮುಂಗಾರನ್ನು ಒಣಭೂಮಿಯವರು ಯಾರೂ ಮರೆಯುವ ಹಾಗಿಲ್ಲ. ಜೂನ್ ತಿಂಗಳು ಮೋಡ ನೋಡುವುದರಲ್ಲೇ ಕಳೆಯಿತು. ಜುಲೈ ಕೊನೆಗೆ ನಮ್ಮ ಕಡೆ ನಾಲ್ಕು ದಿನ ಹದವಾದ ಮಳೆ. ಆಗಸ್ಟ್ ಪೂರ್ತಿ ಒಣ. ಸೆಪ್ಟೆಂಬರಿನಲ್ಲಿ ಸರಕಾರ 195 ತಾಲ್ಲೂಕುಗಳನ್ನು ಬರಪೀಡಿತ ಅಂತ ಸಾರಿತು. ನಮ್ಮ ಗದಗ ಸೀಮೆಯ ಎರೆಹೊಲಗಳಲ್ಲಿ ಆ ವರ್ಷ ನೀರು ಹಿಡಿಯಲು ಸಿಕ್ಕಿದ್ದು ಆ ನಾಲ್ಕು ದಿನ ಮಾತ್ರ. ಆ ನಾಲ್ಕೂ ದಿನ ನಮ್ಮ ಗಾಡಿ ಹೊಟ್ಟೆ ಬಿಚ್ಚಿಕೊಂಡು ನಿಂತಿತ್ತು.

ಈಗ ಹಳ್ಳಿಹಳ್ಳಿಯಲ್ಲಿ ರೈತರ ಮಕ್ಕಳು ಸೆಕೆಂಡ್ ಹ್ಯಾಂಡ್ ಮಣ್ಣೆತ್ತುವ ಗಾಡಿ ತಂದು ಬಾಡಿಗೆಗೆ ಹೊಡೆಯುತ್ತಿದ್ದಾರೆ. ಯಾವ ಕಂಪನಿಯದಾದರೂ ನಮ್ಮ ಜನರ ಬಾಯಲ್ಲಿ ಅದು ಜೆಸಿಬಿಯೇ. ನಮ್ಮದು ಯಾವುದು ಅನ್ನೋದು ಇಲ್ಲಿ ಬೇಡ, ಯಾಕಂದರೆ ತಪ್ಪು ಗಾಡಿಯದಲ್ಲ, ನಮ್ಮದು. ಟ್ರ್ಯಾಕ್ಟರ್ ಬಿಚ್ಚಿ ಕೂಡಿಸುವ ಕೈಗಳು ಊರಿಗೆ ನಾಲ್ಕು ಇವೆ. ಆದರೆ ಈ ಗಾಡಿಯ ಹೊಟ್ಟೆಯೊಳಗೆ ಟ್ರ್ಯಾಕ್ಟರಿನಲ್ಲಿ ಸಾಮಾನ್ಯವಾಗಿ ಇಲ್ಲದ ಒಂದು ಭಾಗ ಇದೆ. ಅದು ತಿಳಿಯದೆ ಕೈ ಹಾಕಿ ನಾನು ಕೆಟ್ಟೆ. ಇನ್ನೊಬ್ಬರು ಕೆಡಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ಗಾಡಿ ಬಂದದ್ದು

2014ರಲ್ಲಿ ಕೃಷಿಭಾಗ್ಯ ಯೋಜನೆ ಬಂದಮೇಲೆ ನಮ್ಮ ಭಾಗದಲ್ಲಿ ಕೃಷಿಹೊಂಡ ತೋಡುವ ಕೆಲಸ ಜೋರಾಯಿತು. ಹೊಂಡ, ಬದು, ಹಳ್ಳದ ಹೂಳು ಅಂತ ವರ್ಷಕ್ಕೆ ನಾಲ್ಕೈದು ತಿಂಗಳು ಕೆಲಸ ಇರುತ್ತದೆ ಅನ್ನುವ ಲೆಕ್ಕದಲ್ಲಿ 2019ರಲ್ಲಿ ಮಗ ಹಳೇ ಗಾಡಿ ತಂದ. ಅರ್ಧ ದುಡ್ಡು ಸಾಲ, ಕಾಲು ಭಾಗ ಮನೆಯಾಕೆಯ ಬಂಗಾರ, ಉಳಿದದ್ದು ಎರಡು ವರ್ಷದ ಕಡಲೆ ಮಾರಿದ್ದು. ಮೂರು ವರ್ಷ ತೊಂದರೆ ಕೊಡಲಿಲ್ಲ. ನಾಲ್ಕನೇ ವರ್ಷ ಮುಂದಕ್ಕೆ ಹೋಗುವಾಗ ಗೇರು ಜಾರಲು ಶುರುವಾಯಿತು. ಇವತ್ತು ನೋಡೋಣ, ನಾಳೆ ನೋಡೋಣ ಅಂತ ಓಡಿಸಿದೆವು.

2023ರ ಜೂನ್ ಕೊನೆಗೆ ರೇಡಿಯೇಟರಿನ ಹೋಸ್ ಪೈಪ್ ಒಡೆದು ನೀರೆಲ್ಲ ಸೋರಿತು. ಮಗ ನೋಡಿ ನಿಲ್ಲಿಸುವಷ್ಟರಲ್ಲಿ ಎಂಜಿನ್ ಕಾದು ಹಿಡಿದುಕೊಂಡಿತ್ತು. ಹೆಡ್ ಸೊಟ್ಟಗಾಗಿತ್ತು, ಪಿಸ್ಟನ್ ಗೀರಿತ್ತು. ಎಂಜಿನ್ ಕಟ್ಟಿಸುವ ಖರ್ಚು, ಗೇರ್‌ಬಾಕ್ಸ್ ಖರ್ಚು ಎರಡನ್ನೂ ಕೂಡಿಸಿ ನೋಡಿದರೆ ಗುಜರಿಗೆ ಬಂದ ಅದೇ ಮಾಡೆಲ್ ಗಾಡಿಯ ಎಂಜಿನ್, ಗೇರ್‌ಬಾಕ್ಸ್ ಜೋಡಿ ಕೊಳ್ಳುವುದೇ ಅಗ್ಗ ಅನ್ನಿಸಿತು. ಹುಬ್ಬಳ್ಳಿಯಲ್ಲಿ ಸಿಕ್ಕಿತು. ಎಂಜಿನ್ ಒಂದು ಕಡೆ, ಗೇರ್‌ಬಾಕ್ಸ್ ಒಂದು ಕಡೆ ಮಾಡಿ ಟೆಂಪೋದಲ್ಲಿ ಹೇರಿಕೊಂಡು ಬಂದೆವು. ನಮ್ಮ ಕಷ್ಟ ಶುರುವಾದದ್ದು ಆ ಟೆಂಪೋದಲ್ಲೇ. ಅದು ನಮಗೆ ಆಗ ಗೊತ್ತಾಗಲಿಲ್ಲ.

ಕ್ಲಚ್ ಕಾಲು ಇಲ್ಲದ ಗಾಡಿ

ಟ್ರ್ಯಾಕ್ಟರಿನಲ್ಲಿ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವೆ ಕ್ಲಚ್ ಪ್ಲೇಟ್ ಇರುತ್ತದೆ. ಕಾಲಿಟ್ಟರೆ ಬಿಡುತ್ತದೆ, ಕಾಲು ತೆಗೆದರೆ ಹಿಡಿಯುತ್ತದೆ. ಮಣ್ಣೆತ್ತುವ ಗಾಡಿ ದಿನಕ್ಕೆ ನೂರಾರು ಸಲ ಹಿಂದೆ ಮುಂದೆ ಆಡಬೇಕು. ಅಲ್ಲಿ ಟ್ರ್ಯಾಕ್ಟರಿನಂಥ ಕ್ಲಚ್ ಪ್ಲೇಟ್ ಇದ್ದರೆ ಬಲುಬೇಗ ಸುಟ್ಟು ಹೋದೀತು. ಅದಕ್ಕೆ ಅಲ್ಲಿ ಟಾರ್ಕ್ ಕನ್ವರ್ಟರ್ ಇಟ್ಟಿದ್ದಾರೆ.

ನೋಡಲು ಅದು ಎರಡು ಉಕ್ಕಿನ ಬೋಗುಣಿಗಳನ್ನು ಬಾಯಿಗೆ ಬಾಯಿ ಹಚ್ಚಿ ಬೆಸೆದ ಹಾಗೆ ಇರುತ್ತದೆ. ಒಳಗೆ ತುಂಬ ಎಣ್ಣೆ. ಎರಡು ಟೇಬಲ್ ಫ್ಯಾನ್ ಎದುರುಬದುರು ಇಟ್ಟು ಒಂದನ್ನು ಹಚ್ಚಿದರೆ ಗಾಳಿಗೆ ಇನ್ನೊಂದೂ ತಿರುಗುತ್ತದಲ್ಲ, ಹಾಗೆ. ಇಲ್ಲಿ ಗಾಳಿಯ ಬದಲು ಎಣ್ಣೆ. ಬೋಗುಣಿಗೇ ಅಂಟಿಕೊಂಡಿರುವ ರೆಕ್ಕೆಗಳು ಎಂಜಿನ್ ಜೊತೆ ತಿರುಗಿ ಎಣ್ಣೆಯನ್ನು ಎಸೆಯುತ್ತವೆ. ಆ ಎಣ್ಣೆ ಹೊಡೆದು ಎದುರಿನ ಚಕ್ರ ತಿರುಗುತ್ತದೆ. ಈ ಚಕ್ರ ಗೇರ್‌ಬಾಕ್ಸಿನ ಶಾಫ್ಟನ್ನು ತಿರುಗಿಸುತ್ತದೆ. ಎರಡರ ನಡುವೆ ‘ಸ್ಟೇಟರ್’ ಅನ್ನುವ ಚಿಕ್ಕ ಚಕ್ರ ಇದೆ. ವಾಪಸ್ ಬರುವ ಎಣ್ಣೆಯ ದಿಕ್ಕನ್ನು ಇದು ತಿದ್ದಿ, ಎಂಜಿನ್ ಕಡೆಯ ರೆಕ್ಕೆಗೆ ನೆರವಾಗುವ ಹಾಗೆ ಕಳಿಸುತ್ತದೆ. ಹಾಗಾಗಿ ನಿಂತಲ್ಲಿಂದ ಭಾರ ಎಳೆಯುವಾಗ ಎಂಜಿನ್ ಕೊಟ್ಟ ತಿರುಚು ಬಲ ಎರಡು ಪಟ್ಟಿನ ಆಚೀಚೆ ಆಗಿ ಗೇರ್‌ಬಾಕ್ಸಿಗೆ ಸಿಗುತ್ತದೆ. ತುಂಬಿದ ಚಕ್ಕಡಿಯ ಮೊದಲ ಹೆಜ್ಜೆಗೆ ಎತ್ತು ಮೊಣಕಾಲೂರಿ ಎಳೆಯುತ್ತದಲ್ಲ, ಅಂಥ ಎಳೆತ. ಗಾಡಿ ಓಟಕ್ಕೆ ಬಿದ್ದಮೇಲೆ ಆ ಹೆಚ್ಚುವರಿ ಬಲ ಇರುವುದಿಲ್ಲ, ಬೇಕಾಗಿಯೂ ಇಲ್ಲ. ಇದನ್ನು ಮೊದಲು ಮಾಡಿದ್ದು ಹರ್ಮನ್ ಫೊಟ್ಟಿಂಗರ್ ಅನ್ನುವ ಜರ್ಮನಿಯ ಎಂಜಿನಿಯರು, 1905ರಲ್ಲಿ, ಅದೂ ಹಡಗಿಗೆ ಅಂತ.

ರೈತ ಮುಖ್ಯವಾಗಿ ತಿಳಿಯಬೇಕಾದದ್ದು ಇನ್ನೊಂದು ಸಂಗತಿ. ಈ ಕನ್ವರ್ಟರಿನ ಹಿಂದೆ ಕೊಳವೆಯಂಥ ಒಂದು ಕುತ್ತಿಗೆ ಇದೆ. ಅದರ ತುದಿಯ ಹಲ್ಲುಗಳು ಗೇರ್‌ಬಾಕ್ಸಿನ ಎಣ್ಣೆ ಪಂಪನ್ನು ತಿರುಗಿಸುತ್ತವೆ. ಪಂಪ್ ತಿರುಗಿದರೆ ಪ್ರೆಶರ್, ಪ್ರೆಶರ್ ಇದ್ದರೆ ಮುಂದೆ ಹಿಂದೆ ಹೋಗುವ ಒಳಗಿನ ಕ್ಲಚ್‌ಗಳು ಹಿಡಿಯುತ್ತವೆ. ಪಂಪ್ ಹೋಯಿತೋ, ಎಂಜಿನ್ ಎಷ್ಟೇ ಕೂಗಿದರೂ ಗಾಡಿ ಗೇಣು ಸರಿಯುವುದಿಲ್ಲ.

ಒಂದು ಬೆರಳು ಸಂದಿ

ಕೂಡಿಸುವ ಕೆಲಸಕ್ಕೆ ಟ್ರ್ಯಾಕ್ಟರ್ ಚೆನ್ನಾಗಿ ಬಲ್ಲ ಒಬ್ಬ ಹುಡುಗನನ್ನು ಕರೆದಿದ್ದೆವು. ಒಳ್ಳೆಯ ಕೆಲಸಗಾರ. ಮೊದಲು ಗೇರ್‌ಬಾಕ್ಸ್ ಕೂರಿಸಿದೆವು. ಆಮೇಲೆ ಮುಂದಿನ ಬಕೆಟ್ ತೋಳು ಎತ್ತಿ, ಅದಕ್ಕೆ ಕಬ್ಬಿಣದ ಊರುಗೋಲು ಕೊಟ್ಟು, ಚೈನ್ ಬ್ಲಾಕಿನಿಂದ ಎಂಜಿನ್ ಇಳಿಸಿದೆವು. ಎಂಜಿನ್ ಹಿಂದಕ್ಕೆ ಸರಿದು ಗೇರ್‌ಬಾಕ್ಸಿನ ಗಂಟೆ ಆಕಾರದ ಬಾಯಿಗೆ, ಅಂದರೆ ಬೆಲ್ ಹೌಸಿಂಗಿಗೆ, ಹತ್ತಿರ ಬಂತು. ಒಂದು ಬೆರಳಿನಷ್ಟು ಸಂದಿ ಉಳಿದು ನಿಂತುಬಿಟ್ಟಿತು. ಎಡಕ್ಕೆ ಅಲ್ಲಾಡಿಸಿದೆವು, ಬಲಕ್ಕೆ ಅಲ್ಲಾಡಿಸಿದೆವು. ಆ ಸಂದಿ ಮುಚ್ಚಲಿಲ್ಲ.

‘ಕಾಕಾ, ಬೋಲ್ಟ್ ಹಾಕಿ ಎಳದ್ರ ತಾನ ಬರ್ತೈತಿ. ಟ್ರ್ಯಾಕ್ಟರಿಗೆ ಹಂಗ ಮಾಡ್ತೀವಿ’ ಅಂದ ಹುಡುಗ.

ಮಳೆ ಬರುವುದರೊಳಗೆ ಗಾಡಿ ಹೊರಬೀಳಬೇಕು ಅನ್ನುವ ಅವಸರ ನನಗೇ ಹೆಚ್ಚಿತ್ತು. ‘ಎಳಿಯಪ್ಪಾ’ ಅಂದೆ. ಉದ್ದದ ಬೋಲ್ಟು ಹಾಕಿ ಪಾನಾ ತಿರುವಿದಂತೆ ಸಂದಿ ಕೂದಲು ಕೂದಲಾಗಿ ಕಡಿಮೆಯಾಯಿತು. ಕೊನೆಗೆ ಒಳಗೆ ‘ಕಟ್’ ಅಂತ ಸಣ್ಣ ಸದ್ದು. ಸಂದಿ ಮುಚ್ಚಿತು. ಕೂತಿತು ಅಂತ ಎಲ್ಲರೂ ಚಹಾ ಕುಡಿದೆವು. ಆ ಸದ್ದು ಕೂತ ಸದ್ದಲ್ಲ, ಮುರಿದ ಸದ್ದು.

ಎಂಜಿನ್ ಚಾಲೂ ಆಯಿತು. ಒಳಗೆ ಬೀಸುವ ಕಲ್ಲಿಗೆ ಹರಳು ಸಿಕ್ಕಂಥ ಕರಕರ ಶಬ್ದ. ಮಗ ಗೇರು ಹಾಕಿ ಆಕ್ಸಿಲೇಟರ್ ಕೊಟ್ಟ. ಗಾಡಿ ಅಲುಗಲಿಲ್ಲ. ಬೆಲ್ ಹೌಸಿಂಗಿನ ಅಡಿಯಿಂದ ಎಣ್ಣೆ ತೊಟ್ಟಿಕ್ಕಲು ಶುರುವಾಯಿತು. ‘ಅಪ್ಪಾ, ಗಾಡಿ ಹೋಗವಲ್ದು’ ಅಂದ. ಅವನ ಮುಖ ನೋಡಲು ನನಗಾಗಲಿಲ್ಲ.

ಹೊಂಡದ ನೀರು

ಗಾಡಿ ಕೆಟ್ಟಾಗ ಕೈಯಲ್ಲಿ ಒಂದು ಕೆಲಸ ಅರ್ಧ ಉಳಿದಿತ್ತು. ನಮ್ಮ ಪಕ್ಕದ ಹೊಲದ ದೊಡ್ಡವ್ವನ ಹೊಂಡ. 18 ಮೀಟರ್ ಉದ್ದ, ಅಷ್ಟೇ ಅಗಲ, 3 ಮೀಟರ್ ಆಳ ಅಂತ ಮಾತು. ಸುತ್ತ ಒಂದಕ್ಕೊಂದು ಇಳಿಜಾರು ಬಿಟ್ಟರೂ ಅದರಲ್ಲಿ 6 ಲಕ್ಷ 80 ಸಾವಿರ ಲೀಟರ್ ನೀರು ನಿಲ್ಲುತ್ತದೆ. ಒಂದು ಎಕರೆ ಮೇಲೆ ಒಂದು ಇಂಚು ನೀರು ಅಂದರೆ ಸುಮಾರು 1 ಲಕ್ಷ ಲೀಟರ್. ಆವಿಯಾಗಿದ್ದು, ಇಂಗಿದ್ದು ಬಿಟ್ಟರೂ ಮೂರು ಎಕರೆ ಕಡಲೆಗೆ ಹೂವಿನ ಹೊತ್ತಿಗೆ ಒಂದು ನೀರು ಖಂಡಿತ ಕೊಡಬಹುದಿತ್ತು. ಮುಂಗಡ ಹಣ ನಾವು ತೆಗೆದುಕೊಂಡಾಗಿತ್ತು.

ಹೊಂಡ ಅರ್ಧ ತೋಡಿದ್ದು ಮಾತ್ರವಲ್ಲ, ತೆಗೆದ ಮಣ್ಣನ್ನು ನೀರು ಬರುವ ಬಾಯಿಯ ಕಡೆಗೇ ಗುಡ್ಡೆ ಹಾಕಿದ್ದೆವು. ಕೊನೆಗೆ ಸರಿಸಿದರಾಯಿತು ಅಂತ. ಜುಲೈ ಮೂರನೇ ವಾರ ಮಳೆ ಹಿಡಿಯಿತು. ನಾನೂ ಮಗನೂ ಸಲಿಕೆ ಹಿಡಿದು ಓಡಿದೆವು. ನೆನೆದ ಎರೆಮಣ್ಣು ಸಲಿಕೆ ಬಿಡುವುದಿಲ್ಲ, ಕಾಲನ್ನೂ ಬಿಡುವುದಿಲ್ಲ. ಎರಡು ತಾಸು ಕೆದರಿದರೂ ಬಾಯಿ ತೆರೆಯಲಿಲ್ಲ. ಮೇಲಿನ ಹೊಲಗಳ ನೀರೆಲ್ಲ ಗುಡ್ಡೆ ಸುತ್ತಿ ಹಳ್ಳಕ್ಕೆ ಹೋಯಿತು. ದೊಡ್ಡವ್ವ ಬದುವಿನ ಮೇಲೆ ಗೋಣಿಚೀಲ ಹೊದ್ದು ನಿಂತಿದ್ದಳು.

‘ನಿನ್ನ ಗಾಡಿ ಕೆಟ್ರ ಮಳಿ ನಿಲ್ಲತೈತೇನೋ ತಮ್ಮಾ?’ ಅಂದಳು. ಬೈಯಲಿಲ್ಲ. ಬೈದಿದ್ದರೆ ಚಲೋ ಇತ್ತು.

‘ಒತ್ತಬ್ಯಾಡ, ತಿರುಗಿಸು’

ಹುಬ್ಬಳ್ಳಿಯಿಂದ ಬಂದ ಹಿರಿಯ ಮಿಸ್ತ್ರಿ ಒಬ್ಬರು ಮತ್ತೆ ಎಂಜಿನ್ ಎಳೆಸಿದರು. ಕನ್ವರ್ಟರ್ ಹೊರತೆಗೆದು ಪಂಪ್ ಬಿಚ್ಚಿ ನನ್ನ ಅಂಗೈಯಲ್ಲಿಟ್ಟರು. ಒಳಗಿನ ಹಲ್ಲುಚಕ್ರದ ಎರಡು ಕಿವಿ ಮುರಿದಿದ್ದವು. ಪಂಪಿನ ಮೈ ಸೀಳಿತ್ತು. ಎಣ್ಣೆಯಲ್ಲಿ ಬೆಳ್ಳಿ ಪುಡಿಯಂಥ ಲೋಹದ ಚೂರು.

‘ಗೌಡ್ರ, ಇದು ಒಳಗ ಮೂರು ಕಡೆ ಕೂಡಬೇಕು. ನಿಮ್ಮದು ಎರಡು ಕಡೆ ಕೂತಿತ್ತು. ಮೂರನೇದು ಕೂಡಲಾರದ ಬೋಲ್ಟ್ ಎಳದೀರಿ. ಸಂದಿ ಮುಚ್ಚಾಕ ಕನ್ವರ್ಟರ್ ಪಂಪಿನ ಎದಿಗೆ ಒದ್ದೈತಿ’ ಅಂದರು.

ಆಮೇಲೆ ಬಿಡಿಸಿ ತೋರಿಸಿದರು. ಒಂದನೆಯದು, ಒಳಗೆ ತಿರುಗುವ ಚಕ್ರದ ಹಲ್ಲು ಗೇರ್‌ಬಾಕ್ಸಿನಿಂದ ಹೊರಬಂದ ಶಾಫ್ಟಿನ ಹಲ್ಲಿಗೆ ಕೂರಬೇಕು. ಎರಡನೆಯದು, ಸ್ಟೇಟರಿನ ಹಲ್ಲು ಆ ಶಾಫ್ಟಿನ ಸುತ್ತ ಇರುವ, ತಿರುಗದೇ ನಿಂತ ಕೊಳವೆಯ ಹಲ್ಲಿಗೆ ಕೂರಬೇಕು. ಮೂರನೆಯದು, ಕುತ್ತಿಗೆಯ ಕಚ್ಚು ಪಂಪಿನ ಕಿವಿಗೆ ಕೂರಬೇಕು. ಮೂರೂ ಬೇರೆ ಬೇರೆ, ಯಾವುದೂ ಹೊರಗಿನಿಂದ ಕಾಣುವುದಿಲ್ಲ. ಕೈಗೂ ಕಿವಿಗೂ ಮಾತ್ರ ಗೊತ್ತಾಗುತ್ತದೆ.

ಬರುವಾಗ ಅದು ಕೂತೇ ಇದ್ದಿರಬೇಕು. ಟೆಂಪೋದಲ್ಲಿ ಗೇರ್‌ಬಾಕ್ಸನ್ನು ಬಾಯಿ ತಗ್ಗು ಮಾಡಿ ಹೇರಿದ್ದೆವು. ಕನ್ವರ್ಟರಿಗೆ ಅಡ್ಡ ಪಟ್ಟಿ ಕಟ್ಟಿರಲಿಲ್ಲ. ದಾರಿಯ ಕುಲುಕಾಟಕ್ಕೆ ಅದು ಮುಂದಕ್ಕೆ ಜಾರಿ ಪಂಪಿನ ಹಿಡಿತ ತಪ್ಪಿಸಿಕೊಂಡಿತ್ತು. ನೋಡಿದರೆ ಗೇರ್‌ಬಾಕ್ಸಿನಲ್ಲೇ ಇದೆ ಅನ್ನಿಸುತ್ತಿತ್ತು, ಅಷ್ಟೇ.

ಮಿಸ್ತ್ರಿ ಹೊಸ ಪಂಪ್ ಹಾಕಿದ ಮೇಲೆ ಕನ್ವರ್ಟರನ್ನು ನನ್ನ ಕೈಗೇ ಕೊಟ್ಟರು. ‘ಒತ್ತಬ್ಯಾಡ್ರಿ. ಬೀಸುವ ಕಲ್ಲಿನ ಮ್ಯಾಲಿನ ಹೋಳು ಗೂಟಕ್ಕ ಕೂಡಸ್ತೀರಲ್ಲ, ಹಂಗ ತಿರುಗಿಸಿ ಕೂಡಸ್ರಿ’ ಅಂದರು. ಭಾರವನ್ನು ಅಂಗೈ ಮೇಲೆ ಹಗುರ ಹಿಡಿದು, ಅತ್ತ ಇತ್ತ ತಿರುಗಿಸಿದೆ. ‘ಟಕ್’ ಅಂತ ಒಳಗೆ ಇಳಿಯಿತು. ಮತ್ತೆ ತಿರುಗಿಸಿದೆ, ಇನ್ನೊಂದು ‘ಟಕ್’. ಆಯಿತು ಅಂತ ಕೈ ಬಿಡಲು ಹೋದೆ. ‘ಇನ್ನೊಂದು ಐತ್ರೀ’ ಅಂದರು. ಐದು ನಿಮಿಷ ತಿರುಗಿಸಿರಬೇಕು. ಮೂರನೇ ‘ಟಕ್’ಗೆ ಅದು ಇನ್ನೂ ಒಂದು ಬೆರಳು ಒಳಗೆ ಹೋಯಿತು. ನಮ್ಮ ಸಂದಿ ಅದೇ ಬೆರಳಿನದು. ಜುಲೈ 8ಕ್ಕೆ ಮುರಿದದ್ದು 26ಕ್ಕೆ ಓಡಿತು. ಅಷ್ಟರಲ್ಲಿ ಮಳೆ ಹೋಗಿತ್ತು.

ಮಾಡುವ ಕ್ರಮ

ಆಮೇಲೆ ಗಾಡಿಯ ಇಂಗ್ಲಿಷ್ ಪುಸ್ತಕ ತರಿಸಿ ಮಗಳ ಕೈಲಿ ಓದಿಸಿದೆ. ಏಳನೇ ಇಯತ್ತೆಯವನಾದ ನಾನು ಚಿತ್ರ ನೋಡಿದೆ, ಅವಳು ಅರ್ಥ ಹೇಳಿದಳು. ಮಿಸ್ತ್ರಿ ಬಾಯಿಂದ ಬಂದದ್ದು, ಪುಸ್ತಕದಲ್ಲಿ ಇದ್ದದ್ದು ಎರಡೂ ಒಂದೇ. ಅದನ್ನೆಲ್ಲ ಕ್ರಮವಾಗಿ ಕೆಳಗೆ ಕೊಟ್ಟಿದ್ದೇನೆ.

1. ಕೊಳ್ಳುವ ಮೊದಲು ಹೋಲಿಸಿ. ಗೇರ್‌ಬಾಕ್ಸಿನ ನಂಬರ್ ತಗಡು ಓದಿಕೊಳ್ಳಿ. ಕನ್ವರ್ಟರಿನ ಮುಖದಲ್ಲಿ ತೆಳು ಉಕ್ಕಿನ ಪ್ಲೇಟು ಇರುತ್ತದೆ, ಅದರ ಅಂಚು ಎಂಜಿನ್ನಿನ ಫ್ಲೈವ್ಹೀಲಿಗೆ ಬೋಲ್ಟಾಗುತ್ತದೆ. ಹಳೇ ಪ್ಲೇಟು, ಹೊಸ ಪ್ಲೇಟು ಒಂದರ ಮೇಲೊಂದು ಇಟ್ಟು ತೂತು ತಾಳೆ ನೋಡಿ. ಪ್ಲೇಟಿನಲ್ಲಿ ಬಿರುಕು ಇದ್ದರೆ ಬೇಡ. ನೋಡಲು ಒಂದೇ ಥರ ಇರುವ ಎರಡು ಮಾಡೆಲ್‌ಗಳ ಅಳತೆ ಬೇರೆ ಇರಬಹುದು.

2. ಬಿಚ್ಚುವಾಗ ಮೊದಲು ಕಿಟಕಿ ಬೋಲ್ಟು. ಬೆಲ್ ಹೌಸಿಂಗಿನ ಕಿಟಕಿಯಿಂದ, ಎಂಜಿನ್ನನ್ನು ಕೈಯಿಂದ ತಿರುಗಿಸುತ್ತ, ಪ್ಲೇಟಿನ ಬೋಲ್ಟುಗಳನ್ನೆಲ್ಲ ಮೊದಲು ತೆಗೆಯಿರಿ. ಕನ್ವರ್ಟರ್ ಗೇರ್‌ಬಾಕ್ಸಿನಲ್ಲೇ ಉಳಿಯಬೇಕು. ಎಂಜಿನ್ ಜೊತೆ ಎಳೆದರೆ ಸೀಲು, ಪಂಪ್ ಎರಡೂ ಕೆಡಬಹುದು.

3. ಸಾಗಿಸುವಾಗ ಅಡ್ಡ ಪಟ್ಟಿ. ಬೆಲ್ ಹೌಸಿಂಗಿನ ಎರಡು ಬೋಲ್ಟು ತೂತಿಗೆ ಒಂದು ಕಬ್ಬಿಣದ ಪಟ್ಟಿ ಹಾಕಿ ಬಿಗಿದರೆ ಕನ್ವರ್ಟರ್ ಮುಂದೆ ಜಾರುವುದಿಲ್ಲ. ಈ ಪಟ್ಟಿ ನಮ್ಮ ಮನೆಯ ಮೂಲೆಯಲ್ಲೇ ಬಿದ್ದಿತ್ತು.

4. ಸೀಲು, ಕುತ್ತಿಗೆ. ಮುಂದಿನ ಎಣ್ಣೆ ಸೀಲು ಹೊಸದೇ ಹಾಕಿ. ಕನ್ವರ್ಟರಿನ ಕುತ್ತಿಗೆ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕುವಷ್ಟು ಗೀರಿದ್ದರೆ ಹೊಸ ಸೀಲೂ ಸೋರುತ್ತದೆ. ಸೀಲಿನ ತುಟಿಗೆ ಎಣ್ಣೆ ಸವರಿ.

5. ಹಳೇ ಚೂರು ತೊಳೆಯಿರಿ. ಪಂಪ್ ಮುರಿದಿದ್ದರೆ ಲೋಹದ ಪುಡಿ ಎಣ್ಣೆ ತಂಪಾಗಿಸುವ ಕೂಲರ್, ಪೈಪುಗಳಿಗೆ ಹೋಗಿರುತ್ತದೆ. ಕನ್ವರ್ಟರ್ ಒಳಗೂ ಇರುತ್ತದೆ. ತೊಳೆಯದೆ ಹೊಸ ಪಂಪ್ ಹಾಕಿದರೆ ಅದನ್ನೂ ತಿನ್ನುತ್ತದೆ. ಫಿಲ್ಟರ್ ಬದಲಿಸಿ.

6. ಬರಿದೆ ಕೂಡಿಸಬೇಡಿ. ಕೂರಿಸುವ ಮೊದಲು ಕನ್ವರ್ಟರನ್ನು ಅಂಗಾತ ಇಟ್ಟು ಅದೇ ಗೇರ್ ಎಣ್ಣೆ ಒಂದೆರಡು ಲೀಟರ್ ಹಾಕಿ. ಎತ್ತಿ ನಿಲ್ಲಿಸುವಾಗ ಸ್ವಲ್ಪ ಚೆಲ್ಲುತ್ತದೆ, ಚಿಂತೆ ಬೇಡ. ಎಂಜಿನ್ ಚಾಲೂ ಆದಾಗ ಪಂಪ್ ಒಣ ತಿರುಗುವುದು ತಪ್ಪುತ್ತದೆ.

7. ಮೂರು ಟಕ್. ಒಂದು ಕೈ ಕೆಳಗೆ, ಒಂದು ಕೈ ಮೇಲೆ. ತಿರುಗಿಸುತ್ತ ಕೂರಿಸಿ. ಭಾರ ಶಾಫ್ಟಿನ ಮೇಲೆ ನೇತಾಡಬಾರದು. ಕೆಲವು ಸಲ ಎರಡು ಜೊತೆಗೇ ಕೂತು ‘ಟಕ್’ ಎರಡೇ ಕೇಳಿಸಬಹುದು. ಅದಕ್ಕೆ ಕಿವಿಯನ್ನಷ್ಟೇ ನಂಬಬೇಡಿ, ಅಳತೆ ಮಾಡಿ.

8. ಅಳತೆ. ಬೆಲ್ ಹೌಸಿಂಗಿನ ಬಾಯಿಗೆ ಅಡ್ಡ ಒಂದು ನೆಟ್ಟನೆಯ ಪಟ್ಟಿ ಇಡಿ. ಅಲ್ಲಿಂದ ಕನ್ವರ್ಟರಿನ ಪ್ಲೇಟಿಗೆ ಎಷ್ಟು ಆಳ ಅಂತ ಸ್ಕೇಲಿನಿಂದ ಅಳೆಯಿರಿ. ಎಂಜಿನ್ ಕಡೆ, ಅದರ ಹಿಂಬದಿ ಮುಖದಿಂದ ಫ್ಲೈವ್ಹೀಲಿನ ಬೋಲ್ಟು ಜಾಗ ಎಷ್ಟು ಹೊರಗೆ ಬಂದಿದೆ ಅಳೆಯಿರಿ. ಮೊದಲನೆಯದು ಎರಡನೆಯದಕ್ಕಿಂತ ಸ್ವಲ್ಪ ಹೆಚ್ಚಿರಬೇಕು. ನಮ್ಮದರಲ್ಲಿ 4 ಮಿ.ಮೀ. ಹೆಚ್ಚು ಬಂತು. ನಿಮ್ಮ ಗಾಡಿಯ ಲೆಕ್ಕ ಅದರ ಪುಸ್ತಕದಲ್ಲಿ ಇರುತ್ತದೆ. ಹೆಚ್ಚಿನ ಬದಲು ಕಡಿಮೆ ಬಂದರೆ ಕೂತಿಲ್ಲ ಅಂತಲೇ ಅರ್ಥ.

9. ಕೈಯಿಂದ ಮುಚ್ಚಬೇಕು. ಎಂಜಿನ್ನಿನಲ್ಲಿ ದಾರಿ ತೋರುವ ಎರಡು ಡವೆಲ್ ಪಿನ್ ಇವೆಯೋ ನೋಡಿ, ಹಳೇ ಎಂಜಿನ್ನಿನಲ್ಲೇ ಬಿಟ್ಟು ಬಂದಿರುತ್ತೇವೆ. ಮಟ್ಟ ಸರಿ ಮಾಡಿ ಎಂಜಿನ್ ಸರಿಸಿದರೆ ಎರಡು ಮುಖ ಕೈಯ ಬಲಕ್ಕೆ ಸುತ್ತಲೂ ಕೂಡಬೇಕು. ಸಂದಿ ಉಳಿದರೆ ನಿಲ್ಲಿಸಿ. ಬೋಲ್ಟು ಇರುವುದು ಕೂಡಿದ್ದನ್ನು ಹಿಡಿಯಲು, ಎಳೆದು ಕೂಡಿಸಲು ಅಲ್ಲ.

10. ಕಿಟಕಿಯಿಂದ ಪರೀಕ್ಷೆ. ಬೋಲ್ಟು ಬಿಗಿದ ಮೇಲೆ ಕಿಟಕಿಯಲ್ಲಿ ಬೆರಳು ಹಾಕಿ ಕನ್ವರ್ಟರ್ ತಿರುಗಿಸಿ. ಸಲೀಸಾಗಿ ತಿರುಗಬೇಕು, ಹಿಂದೆ ಮುಂದೆ ಆ ಮೂರು ನಾಲ್ಕು ಮಿ.ಮೀ. ಆಡಬೇಕು. ಆಡದೆ ಬಿಗಿಯಾಗಿದ್ದರೆ ಎಂಜಿನ್ ಮತ್ತೆ ಎಳೆಯಿರಿ. ಎಳೆಯಲು ಅರ್ಧ ದಿನ ಹೋದೀತು, ಪಂಪ್ ಉಳಿಯುತ್ತದೆ.

11. ಪ್ಲೇಟಿನ ಬೋಲ್ಟು. ಕನ್ವರ್ಟರನ್ನು ಮುಂದಕ್ಕೆ ತಂದು ಎಲ್ಲ ಬೋಲ್ಟನ್ನೂ ಮೊದಲು ಕೈಯಿಂದ ಹತ್ತಿಸಿ, ಆಮೇಲೆ ಒಂದೊಂದಾಗಿ ಬಿಗಿಯಿರಿ. ಅದೇ ಉದ್ದದ ಬೋಲ್ಟೇ ಆಗಬೇಕು. ಉದ್ದದ್ದು ಹಾಕಿದರೆ ತುದಿ ಕನ್ವರ್ಟರಿಗೆ ತಾಗಿ ನೆಗ್ಗಿಸುತ್ತದೆ.

12. ಚಾಲೂ ಮಾಡುವ ಮೊದಲು ಕೈ ಸುತ್ತು. ಎಂಜಿನ್ನನ್ನು ಪಾನಾ ಹಾಕಿ ಎರಡು ಪೂರಾ ಸುತ್ತು ತಿರುಗಿಸಿ. ಎಲ್ಲೂ ಹಿಡಿಯಬಾರದು. ಎಣ್ಣೆ ಹಾಕಿ, ನಿಧಾನಕ್ಕೆ ಓಡಿಸಿ, ಮತ್ತೆ ಎಣ್ಣೆ ಮಟ್ಟ ನೋಡಿ. ಕನ್ವರ್ಟರ್, ಕೂಲರ್ ತಮ್ಮ ಪಾಲು ಕುಡಿದಿರುತ್ತವೆ.

ತೋಳು ಎತ್ತಿದ ಬಕೆಟ್ಟಿನ ಕೆಳಗೆ ಊರುಗೋಲು ಇಲ್ಲದೆ ಯಾರೂ ಕೈ ಹಾಕಬೇಡಿ. ಜ್ಯಾಕಿನ ಮೇಲೆ ಮಾತ್ರ ನಂಬಿಕೆ ಬೇಡ, ಮರದ ದಿಮ್ಮಿ ಕೊಡಿ.

ಓಡಿಸುವವರಿಗೆ ಎರಡು ಮಾತು

ಕೂಡಿಸಿದ್ದು ಸರಿಯಾದರೂ ಓಡಿಸುವ ರೀತಿಯಲ್ಲಿ ಕನ್ವರ್ಟರ್ ಕೆಡುತ್ತದೆ. ಬಕೆಟ್ ಗಟ್ಟಿ ದಿಬ್ಬಕ್ಕೆ ಕೊಟ್ಟು ಗಾಲಿ ನಿಂತರೂ ಆಕ್ಸಿಲೇಟರ್ ಒತ್ತುತ್ತಲೇ ಇರುವ ಹುಡುಗರಿದ್ದಾರೆ. ಗಾಡಿ ಸರಿಯದಿದ್ದಾಗ ಎಂಜಿನ್ ಕೊಟ್ಟ ಶಕ್ತಿಯೆಲ್ಲ ಒಳಗಿನ ಎಣ್ಣೆ ಕಾಯಿಸುವುದಕ್ಕೇ ಹೋಗುತ್ತದೆ. ನಾಲ್ಕು ಕ್ಷಣದಲ್ಲಿ ಮಣ್ಣು ಬರಲಿಲ್ಲವೋ, ಹಿಂದೆ ಬಂದು ಹಲ್ಲಿನಿಂದ ಕೆದರಿ ತೆಗೆಯಿರಿ. ಎಣ್ಣೆ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಅದು ಮೊದಲ ಸೂಚನೆ.

ಎರಡನೆಯದು, ಎಂಜಿನ್ ನಿಂತ ಗಾಡಿಯನ್ನು ಹಗ್ಗ ಹಾಕಿ ದೂರ ಎಳೆಯಬೇಡಿ. ಪಂಪ್ ತಿರುಗುವುದು ಎಂಜಿನ್ನಿನಿಂದ. ಎಂಜಿನ್ ನಿಂತಾಗ ಗಾಲಿ ಮಾತ್ರ ತಿರುಗಿದರೆ ಗೇರ್‌ಬಾಕ್ಸ್ ಎಣ್ಣೆ ಇಲ್ಲದೆ ಸವೆಯುತ್ತದೆ. ಟ್ರ್ಯಾಕ್ಟರಿನ ಹಾಗೆ ದೂಡಿ ಚಾಲೂ ಮಾಡುವುದೂ ಇದರಲ್ಲಿ ಆಗುವುದಿಲ್ಲ.

ತಪ್ಪಿನ ಲೆಕ್ಕ

ಎಂಜಿನ್, ಗೇರ್‌ಬಾಕ್ಸ್ ಜೋಡಿಗೆ 2,05,000 ರೂ. ಕೊಟ್ಟಿದ್ದೆವು. ಮೊದಲ ಸಲ ಕೂಡಿಸಲು 14,000 ರೂ. ಇದು ಹೇಗೂ ಆಗಬೇಕಾದ ಖರ್ಚು. ತಪ್ಪಿನ ಖರ್ಚು ಬೇರೆ. ಪಂಪ್ 17,500. ಸೀಲು, ಗ್ಯಾಸ್ಕೆಟ್, ಫಿಲ್ಟರ್ 4,200. ಎಣ್ಣೆ 5,300. ಮಿಸ್ತ್ರಿ ಕೂಲಿ 8,000. ಸಾಗಾಟ, ಕ್ರೇನು 3,000. ಒಟ್ಟು 38,000 ರೂ. ಹದಿನೆಂಟು ದಿನ ಗಾಡಿ ನಿಂತದ್ದಕ್ಕೆ, ಡೀಸೆಲ್ ಕಳೆದು ದಿನಕ್ಕೆ 3,000 ಅಂತ ಹಿಡಿದರೂ 54,000 ರೂ. ಎರಡೂ ಸೇರಿ 92,000. ಅಳತೆ ಮಾಡಲು ಬೇಕಾದ ಸ್ಕೇಲು ಮಗಳ ಕಂಪಾಸ್ ಪೆಟ್ಟಿಗೆಯಲ್ಲಿತ್ತು.

ಆ ಹುಡುಗನ ಕೂಲಿ ನಾನು ಹಿಡಿಯಲಿಲ್ಲ. ಎಳೆ ಅಂದವನು ನಾನು. ಅವನು ಈಗ ಈ ಕೆಲಸ ಚೆನ್ನಾಗಿ ಮಾಡುತ್ತಾನೆ. 2025ರ ಜನವರಿಯಲ್ಲಿ ಪಕ್ಕದ ಊರಿನ ಒಂದು ಗಾಡಿಗೆ ಇದೇ ಥರ ಎಂಜಿನ್ ಬದಲಿಸುವಾಗ ನನ್ನನ್ನೂ ಕರೆದಿದ್ದ. ಅಲ್ಲಿಯೂ ಮೊದಲ ಅಳತೆ ಕಡಿಮೆ ಬಂತು. ಗಾಡಿಯವರು ‘ಎಳದು ನೋಡ್ರಿ’ ಅಂದರು. ಹುಡುಗ ಪಾನಾ ಕೆಳಗಿಟ್ಟು ‘ಇನ್ನೊಂದು ಟಕ್ ಉಳದೈತ್ರೀ’ ಅಂದ. ತಿರುಗಿಸಿ ತಿರುಗಿಸಿ ಕೂರಿಸಿದೆವು. ಎರಡು ದಿನದಲ್ಲಿ ಗಾಡಿ ಹೊರಬಿತ್ತು.

ದೊಡ್ಡವ್ವನ ಹೊಂಡವನ್ನು 2024ರ ಮಾರ್ಚಿನಲ್ಲಿ ಪೂರ್ತಿ ಮಾಡಿಕೊಟ್ಟೆವು. ಉಳಿದ ಕೆಲಸಕ್ಕೆ ಬಾಡಿಗೆ ತೆಗೆದುಕೊಳ್ಳಲಿಲ್ಲ. ಮಣ್ಣನ್ನು ಕೆಳಬದಿಗೆ ಹಾಕಿ, ನೀರಿನ ಬಾಯಿ ಎಲ್ಲಕ್ಕಿಂತ ಮೊದಲು ತೆರೆದಿಟ್ಟೆವು. ಆ ವರ್ಷ ಮಳೆ ಚೆನ್ನಾಗಿ ಆಗಿ ಹೊಂಡ ತುಂಬಿತು. ಚಳಿಗಾಲದಲ್ಲಿ ಒಂದು ಮಡಿಲು ಸುಲಗಾಯಿ ತಂದು ಕಟ್ಟೆ ಮೇಲೆ ಸುರಿದು ಹೋದಳು. 2023ರ ಕಡಲೆಯ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಅವಳ ಹೊಲದಲ್ಲಿ ಆ ವರ್ಷ ಎಕರೆಗೆ ಒಂದು ಚೀಲವೂ ಆಗಿರಲಿಲ್ಲ ಅಂತ ನನಗೆ ಗೊತ್ತು.

ಗಾಡಿ ಇರುವವರು ಎಲ್ಲ ಕೆಲಸ ತಾವೇ ಮಾಡಬೇಕು ಅಂತ ನಾನು ಹೇಳುವುದಿಲ್ಲ. ಬಲ್ಲ ಮಿಸ್ತ್ರಿಯನ್ನೇ ಕರೆಯಿರಿ. ಆದರೆ ಎಂಜಿನ್ನನ್ನು ಗೇರ್‌ಬಾಕ್ಸಿಗೆ ಕೂಡಿಸುವ ಹೊತ್ತಿಗೆ ಪಕ್ಕದಲ್ಲಿ ನಿಂತಿರಿ. ಸ್ಕೇಲು ಕೈಯಲ್ಲಿರಲಿ. ಸಂದಿ ಕಂಡರೆ ‘ಎಳಿ’ ಅನ್ನಬೇಡಿ, ‘ಬಿಚ್ಚು’ ಅನ್ನಿ.